ಎರಡು ಬೆರಳು ಹಿಂದಕ್ಕೆ

ಹೆಂಡತಿಗೆ ಈಜು ಕಲಿಸಿದವನು ರಾಮ್‌ಕುಮಾರನೇ. ಮದುವೆಯಾದ ಹೊಸತರಲ್ಲಿ, ಕುನ್ನತ್ತೂರಿನ ಅವಳ ಸೋದರಮಾವನ ತೋಟದ ಬಾವಿಯಲ್ಲಿ, ಸೊಂಟಕ್ಕೆ ಖಾಲಿ ಎಣ್ಣೆ ಕ್ಯಾನು ಕಟ್ಟಿ, ಗದ್ದದ ಕೆಳಗೆ ಅಂಗೈ ಕೊಟ್ಟು ಕಲಿಸಿದ್ದ. ಹೊಲಿಗೆ ಕಲಿಸಿದವನೂ ಅವನೇ. ತಮಿಳು ಸೀಮೆಯ ಕರುಮತ್ತಂಪಟ್ಟಿಯ ಹೊರಗಿನ ಕಾರ್ಖಾನೆಯಲ್ಲಿ ಅವನು ಮಾದರಿಗಳನ್ನು ಹೊಲಿಸುವ ಸ್ಯಾಂಪಲ್ ಮಾಸ್ಟರು. ನಿತ್ಯಾ ಅವನ ಕೈಕೆಳಗಿನ ಆರು ಟೈಲರುಗಳಲ್ಲಿ ಒಬ್ಬಳು. ಏಳು ವರ್ಷದಲ್ಲಿ ಅವಳು "ಏನುಂಗೊ, ಇದು ಸರಿಯಾ?" ಎಂದು ಕೇಳದೆ ಒಂದು ಹೊಲಿಗೆಯನ್ನೂ ಮುಗಿಸಿದವಳಲ್ಲ. ಹಾಗೆ ಕೇಳಿಸಿಕೊಳ್ಳುವುದು ಅವನಿಗೆ ಎಷ್ಟು ರೂಢಿಯಾಗಿತ್ತೆಂದರೆ, ಅದು ತನಗೆ ಬೇಕು ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ಕಾರ್ಖಾನೆ ಮೊದಲು ಬನಿಯನ್ ಹೊಲಿಯುತ್ತಿತ್ತು. ಮೂರು ವರ್ಷದಿಂದ ವಿಂಗ್ ಫಾಯಿಲ್ ಎಂಬ ನೀರಾಟಕ್ಕೆ ಬೇಕಾದ ರೆಕ್ಕೆಗಳನ್ನು ಹೊಲಿದು ಹೊರದೇಶಕ್ಕೆ ಕಳಿಸುತ್ತಿದೆ. ಆಟ ಹೀಗೆ: ಒಂದು ಹಲಗೆ, ಹಲಗೆಯ ಅಡಿಗೆ ತೋಳುದ್ದದ ಕಂಬ, ಕಂಬದ ತುದಿಗೆ ವಿಮಾನದ ರೆಕ್ಕೆಯಂಥದ್ದು. ನೀರೊಳಗೇ ಇರುವ ಅದಕ್ಕೆ ಫಾಯಿಲ್ ಎನ್ನುತ್ತಾರೆ. ಹಲಗೆಯ ಮೇಲೆ ನಿಂತವರು ಗಾಳಿ ತುಂಬಿದ ಬಟ್ಟೆಯ ದೊಡ್ಡ ರೆಕ್ಕೆಯನ್ನು ಎರಡೂ ಕೈಯಲ್ಲಿ ಹಿಡಿದು ಗಾಳಿಗೆ ಒಡ್ಡಬೇಕು. ವೇಗ ಬಂತೋ, ಹಲಗೆ ನೀರು ಬಿಟ್ಟು ಮೊಳದೆತ್ತರ ಏಳುತ್ತದೆ. ಆಮೇಲೆ ಸದ್ದೇ ಇಲ್ಲ, ಬರೀ ಹಾರಾಟ.

ಹೊಲಿದ ರೆಕ್ಕೆಯನ್ನು ಪರೀಕ್ಷೆಗೆಂದು ಹಡಗು ಹತ್ತಿಸಿ ಎರಡು ತಿಂಗಳು ಕಾಯುವುದು ಕಾರ್ಖಾನೆಯ ಮಾಲೀಕ, ಮೊದಲಾಳಿ ಹರಿಹರನ್‌ಗೆ ಸಾಕಾಗಿತ್ತು. ಆಡಿ, ಅಂದರೆ ಆಷಾಢ ತಿಂಗಳಲ್ಲಿ ಪಾಲಕ್ಕಾಡಿನ ಕಣಿವೆಯಿಂದ ನುಗ್ಗುವ ಗಾಳಿ ಬಾಗಿಲಲ್ಲೇ ಇರುವಾಗ ಯಾಕೆ ಕಾಯಬೇಕು? ಊರಾಚೆಯ ಕೆರೆಯಲ್ಲೇ ನೋಡೋಣ ಎಂದು ಕಾರವಾರದ ಕಡಲಲ್ಲಿ ಈ ಆಟ ಕಲಿತಿದ್ದ ಧನಶ್ರೀ ಎಂಬ ಇಂಜಿನಿಯರ್ ಹುಡುಗಿಯನ್ನು ಕೆಲಸಕ್ಕೆ ತಂದ. ಕಲಿಯಲು ಇಬ್ಬರು ಬೇಕಿತ್ತು.

"ನೀಚಲ್ ಯಾರುಕ್ಕು ತೆರಿಯುಂ?" ಎಂದು ಅವನು ಕೇಳಿದಾಗ ಈಜು ಗೊತ್ತೆಂದು ಕೈಯೆತ್ತಿದ್ದು ರಾಮ್‌ಕುಮಾರ್. ಪಕ್ಕದಲ್ಲಿದ್ದ ನಿತ್ಯಾಳ ಕೈಯನ್ನೂ ಅವನೇ ಹಿಡಿದು ಮೇಲೆತ್ತಿದ.

ಮನೆಯಲ್ಲಿ ಅವನ ತಾಯಿ ಕಾಮಾಕ್ಷಿಯಮ್ಮ ನಕ್ಕರು. "ಆಡಿ ಗಾಳಿಗೆ ಅರೆಯೋ ಅಮ್ಮಿಕಲ್ಲೇ ಹಾರ್ತದೆ ಅಂತಾರೆ. ನೀವೂ ಹಾರ್ಬುಟ್ಟು ಬನ್ನಿ, ಹೋಗಿ."

ದಿನಾ ಬೆಳಿಗ್ಗೆ ಆರಕ್ಕೆ ಕೆರೆ. ಮೊದಲ ಮೂರು ದಿನ ಇಬ್ಬರೂ ಬಿದ್ದದ್ದೇ ಬಿದ್ದದ್ದು. ಮಂಡಿಯೂರಿ ಕೂತರೆ ಹಲಗೆ ಜಾರುತ್ತಿತ್ತು, ಎದ್ದು ನಿಂತರೆ ರೆಕ್ಕೆ ಮಗುಚಿಕೊಳ್ಳುತ್ತಿತ್ತು. ಮೂಗಿಗೆ ಬಾಯಿಗೆ ನೀರು, ಮೊಣಕಾಲು ತರಚು. ರಾಮ್‌ಕುಮಾರ್ ಬಿದ್ದಾಗ ಹಲ್ಲು ಕಚ್ಚಿ ಬಯ್ಯುತ್ತಿದ್ದ. ನಿತ್ಯಾ ಬಿದ್ದಾಗ ನಗುತ್ತಿದ್ದಳು. ಆ ಮೂರು ದಿನ ಅವನಿಗೆ ಸುಖವಾಗಿಯೇ ಇತ್ತು. ಸ್ಕೂಟರಿನ ಹಿಂದೆ ಕೂತ ಅವಳ ಒದ್ದೆ ಜಡೆಯಿಂದ ತೊಟ್ಟಿಕ್ಕುವ ನೀರು ಅವನ ಬೆನ್ನಿಗಿಳಿಯುತ್ತಿತ್ತು, ದಾರಿಯುದ್ದ ಇಬ್ಬರೂ ತಮ್ಮ ತಮಿಳು ಬೆರೆತ ಮನೆಗನ್ನಡದಲ್ಲಿ ಧನಶ್ರೀಯ ಪುಸ್ತಕದ ಕನ್ನಡವನ್ನು ಅಣಕಿಸಿಕೊಂಡು ಬರುತ್ತಿದ್ದರು.

ಐದನೆಯ ದಿನ ನಿತ್ಯಾ ಎದ್ದಳು.

ರಾಮ್‌ಕುಮಾರ್ ಆಗ ಎದೆಮಟ್ಟ ನೀರಲ್ಲಿ ನಿಂತು ತನ್ನ ಹಲಗೆಯನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದ. ನೀರು ಸೀಳುವ ಸದ್ದು ತಟ್ಟನೆ ನಿಂತಂತಾಗಿ ತಲೆಯೆತ್ತಿದ. ಅವನದೇ ತುಂಬುತೋಳಿನ ಟೀಶರ್ಟು ತೊಟ್ಟ ಹೆಂಡತಿ, ನೀರಿಗೂ ತನಗೂ ಸಂಬಂಧವೇ ಇಲ್ಲದವಳಂತೆ, ಗಾಳಿಯಲ್ಲಿ ನಿಂತು ಅವನ ಮುಂದೆಯೇ ಸಾಗಿಹೋದಳು. ಬಾಯಿ ತೆರೆದಿತ್ತು, ಕಣ್ಣು ಎಲ್ಲೋ ದೂರದಲ್ಲಿತ್ತು. ಗಂಡನನ್ನು ಅವಳು ನೋಡಲಿಲ್ಲ. ಏರಿಯ ಮೇಲೆ ಆಡು ಮೇಯಿಸುತ್ತಿದ್ದವರು ಸಿಳ್ಳೆ ಹಾಕಿದರು. ಧನಶ್ರೀ ಮಂಡಿಯುದ್ದ ನೀರಲ್ಲಿ ಕುಣಿದೇಬಿಟ್ಟಳು.

ರಾಮ್‌ಕುಮಾರನೂ ಕೈತಟ್ಟಿದ. ತಟ್ಟುವಾಗಲೇ ಹೊಟ್ಟೆಯೊಳಗೆ ಯಾರೋ ಹಸಿಮೆಣಸಿನಕಾಯಿ ಅರೆದಂತಾಯಿತು.

ಆ ದಿನ ಕಾರ್ಖಾನೆಯಲ್ಲಿ ಬೇರೆ ಮಾತಿಲ್ಲ. ಧನಶ್ರೀ ತೆಗೆದ ವಿಡಿಯೊ ಕೈಯಿಂದ ಕೈಗೆ ಓಡಾಡಿತು. ಬರುವ ತಿಂಗಳು ಹೊರದೇಶದ ಗಿರಾಕಿಗಳು ಬಂದಾಗ ನಿತ್ಯಾಳೇ ಹಾರಿ ತೋರಿಸಲಿ ಎಂದ ಹರಿಹರನ್. ರಾಮ್‌ಕುಮಾರನ ಬೆನ್ನು ತಟ್ಟಿ, "ನಿನ್ನ ಹೆಂಡ್ತಿ ನಿನ್ನನ್ನ ಮೀರಿಸಿಬಿಟ್ಟಳಪ್ಪಾ" ಎಂದು ತಮಿಳಿನಲ್ಲಿ ನಕ್ಕ. ಎಲ್ಲರೂ ನಕ್ಕರು. ರಾಮ್‌ಕುಮಾರನ ನಗು ಎಲ್ಲರಿಗಿಂತ ಜೋರಾಗಿತ್ತು.

ಮರುದಿನದಿಂದ ಅವಳು ಅವನಿಗೆ ಹೇಳಿಕೊಡತೊಡಗಿದಳು. ಅದೇ ಸಹಿಸಲಾಗದ್ದು.

"ಏನುಂಗೊ, ಕೈಲಿರೋ ರೆಕ್ಕೆ ನೋಡ್ಬೇಡಿ. ಎದುರುಕ್ಕೆ ನೋಡಿ. ಮುಂದಿನ ಕಾಲ್ ಮೇಲೆ ಭಾರ ಹಾಕಿ."

"ತೆರಿಯುಂ, ತೆರಿಯುಂ. ನಂಗೊತ್ತದೆ, ನೀ ನೋಡ್ಕೊ ನಿನ್ನ ಕೆಲ್ಸ."

ಅವಳು ತನ್ನ ಹಲಗೆಗೆ ಮರಳಿದಳು. ಆಮೇಲೆ ಎದ್ದು ಹಾರಿದಳು. ಅವನು ಬಿದ್ದ. ಒಂದು ವಾರ ಇದೇ ನಡೆಯಿತು. ಅವಳಿಗೆ ಕಾಲು ಜಾರಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದುದು ಅವನಿಗೇ ಗೊತ್ತಾಗಿ ಒಮ್ಮೆ ಗಾಬರಿಯಾಯಿತು. ಆದರೂ ನಿಲ್ಲಿಸಲಾಗಲಿಲ್ಲ.

ಹಲಗೆಗೆ ಕಂಬ ಕೂರಿಸುವುದು ಅವನ ಕೆಲಸ. ಹಲಗೆಯ ತಳದಲ್ಲಿ ಎರಡು ಉದ್ದನೆಯ ತೋಡು, ಅವುಗಳಲ್ಲಿ ಜಾರುವ ನಾಲ್ಕು ಬೋಲ್ಟು. ಕಂಬವನ್ನು ಮುಂದಕ್ಕೆ ಸರಿಸಿದರೆ ಹಲಗೆ ಬೇಗ ಏಳುತ್ತದೆ, ಹಿಂದಕ್ಕೆ ಸರಿಸಿದರೆ ಎಷ್ಟು ಗಾಳಿ ಬಂದರೂ ಮಲಗಿಯೇ ಇರುತ್ತದೆ. ಧನಶ್ರೀ ಇದನ್ನು ಮೊದಲ ದಿನವೇ ಹೇಳಿ, ಸರಿಯಾದ ಜಾಗಕ್ಕೆ ಪೆನ್ನಿನಲ್ಲಿ ಗೆರೆ ಎಳೆದಿದ್ದಳು. ಒಂದು ಸೋಮವಾರ ಬೆಳಿಗ್ಗೆ ಉಳಿದಿಬ್ಬರು ರೆಕ್ಕೆಗೆ ಗಾಳಿ ತುಂಬುತ್ತಿರುವಾಗ, ರಾಮ್‌ಕುಮಾರ್ ನಿತ್ಯಾಳ ಹಲಗೆಯ ಕಂಬವನ್ನು ಎರಡು ಬೆರಳಿನಷ್ಟು ಹಿಂದಕ್ಕೆ ಸರಿಸಿ ಬಿಗಿಮಾಡಿದ.

ಆ ದಿನ ಅವಳು ಏಳಲಿಲ್ಲ. ಮಂಗಳವಾರವೂ ಇಲ್ಲ, ಬುಧವಾರವೂ ಇಲ್ಲ. ಹಿಂದಿನ ಕಾಲನ್ನು ಊರಿ ಊರಿ, ಮೈಯೆಲ್ಲ ಹಿಂದಕ್ಕೆ ವಾಲಿಸಿ ಹಲಗೆಯನ್ನು ಎತ್ತಲು ಹೆಣಗಿದಳು. ಅದು ಒಂದೆರಡು ಬೆರಳೆತ್ತರ ಎದ್ದು ಮತ್ತೆ ಕುಸಿಯಿತು. "ಎಲ್ಲರಿಗೂ ಹೀಗೆ ಆಗುತ್ತೆ ನಿತ್ಯಾ, ಬಂದದ್ದು ಒಮ್ಮೊಮ್ಮೆ ಹೋಗುತ್ತೆ, ಮತ್ತೆ ಬರುತ್ತೆ" ಎಂದಳು ಧನಶ್ರೀ.

ಗುರುವಾರ ನಿತ್ಯಾ ದಡದಲ್ಲಿ ಕೂತು ಅತ್ತಳು. ರಾಮ್‌ಕುಮಾರ್ ಏರಿಯಾಚೆಯ ಅಂಗಡಿಯಿಂದ ಟೀ ತಂದುಕೊಟ್ಟ. ಅವಳು ಎರಡೂ ಕೈಯಲ್ಲಿ ಲೋಟ ಹಿಡಿದು, "ಅಂದು ನಾ ಎದ್ದದ್ದೇ ಪೊಯ್ಯಿ, ಸುಳ್ಳು ಅನ್ನಿಸ್ತದೆ. ಅದೃಷ್ಟಕ್ಕೆ ಆಗ್ಬುಟ್ಟಿತ್ತು ಅಷ್ಟೇ. ನಿಮಗಾದ್ರೂ ಬರ್ಲಿ" ಎಂದಳು.

ಆ ಕೊನೆಯ ಮಾತು ಅವನಿಗೆ ನಾಟಿತು. ಹೇಳುವುದೇಕೆ, ಸರಿಮಾಡಿದರಾಯಿತಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಶುಕ್ರವಾರ ಬೆಳಿಗ್ಗೆ, ಯಾರಿಗೂ ಕಾಣದ ಹಾಗೆ, ಕಂಬವನ್ನು ಮೊದಲಿನ ಗೆರೆಗೇ ತಂದು ಬಿಗಿದ.

ಅವಳ ಕಾಲಿಗೆ ಅದು ಗೊತ್ತಿರಲಿಲ್ಲ. ನಾಲ್ಕು ದಿನದಿಂದ ರೂಢಿಯಾದಂತೆ ಅವಳು ಹಿಂದಿನ ಕಾಲನ್ನು ಬಲವಾಗಿ ಊರಿದಳು. ಗಾಳಿ ಜೋರಾಗಿತ್ತು. ಹಲಗೆ ಹೆದರಿದ ಹೋರಿಯಂತೆ ಮೇಲಕ್ಕೆ ನೆಗೆಯಿತು, ಫಾಯಿಲ್ ನೀರಿನಿಂದ ಪೂರಾ ಹೊರಗೆ ಬಂತು. ನಿತ್ಯಾ ಹಿಂದಕ್ಕೆ ಬಿದ್ದಳು, ಹಲಗೆ ಅವಳ ಮೇಲೆ ಮಗುಚಿತು.

ರಾಮ್‌ಕುಮಾರ್ ಈಜಿ ಹೋಗಿ ತಲುಪುವಷ್ಟರಲ್ಲಿ ಅವಳ ಸುತ್ತಲಿನ ನೀರು ಕೆಂಪಾಗಿತ್ತು. ಫಾಯಿಲ್‌ನ ಅಂಚು ಎಡಗಾಲಿನ ಮೀನಖಂಡವನ್ನು ಗೇಣುದ್ದ ಕೊಯ್ದಿತ್ತು. ತನ್ನ ಅಂಗಿ ಕಳಚಿ ಬಿಗಿದು ಕಟ್ಟಿ, ಅವಳನ್ನು ಎದೆಗೊತ್ತಿಕೊಂಡು ದಡಕ್ಕೆ ತಂದ. ಧನಶ್ರೀಯ ಕಾರಿನಲ್ಲಿ ಆಸ್ಪತ್ರೆಗೆ ಹೋದರು. ಹನ್ನೊಂದು ಹೊಲಿಗೆ ಬಿತ್ತು. ಧನಶ್ರೀ ವರಾಂಡದಲ್ಲಿ ಕೂತು, "ನನ್ನ ತಪ್ಪು, ಇಷ್ಟು ಗಾಳಿಯಲ್ಲಿ ಬಿಡಬಾರದಿತ್ತು" ಎಂದು ಒಳಗಿದ್ದ ನಿತ್ಯಾಳಿಗೂ ಕೇಳುವಂತೆ ಮತ್ತೆ ಮತ್ತೆ ಹೇಳಿ ಅಳುತ್ತಿದ್ದಳು. ಪಕ್ಕದಲ್ಲೇ ಕೂತಿದ್ದ ರಾಮ್‌ಕುಮಾರ್ ಆಗಲೂ ಬಾಯಿ ಬಿಡಲಿಲ್ಲ.

ಮಧ್ಯಾಹ್ನ ಮನೆಯಲ್ಲಿ, ತಾಯಿ ಅಡುಗೆಮನೆಗೆ ಹೋದ ಮೇಲೆ, ನಿತ್ಯಾ ಮಂಚದಲ್ಲಿ ಕಾಲು ಚಾಚಿಕೊಂಡು, "ನಂಗೇ ಒಂದೂ ಪುರಿಯಲ್ಲ, ಅರ್ಥ ಆಗಲ್ಲ. ಇವತ್ತು ಅದು ಹೆಂಗೆ ಅಷ್ಟು ಎಗರ್ತು?" ಎಂದಳು.

ಅವನು ಹೇಳಿಬಿಟ್ಟ. ಸೋಮವಾರದ್ದು, ಶುಕ್ರವಾರದ್ದು, ಎರಡನ್ನೂ. ಗೋಡೆ ನೋಡಿಕೊಂಡು ಹೇಳಿದ.

ಅವಳು ಕಾಲಿನ ಪಟ್ಟಿಯನ್ನು ಒಮ್ಮೆ ನೋಡಿಕೊಂಡಳು. ಆಮೇಲೆ ಕೇಳಿದಳು, "ನಾ ಅಳ್ತಾ ಇದ್ದಾಗ ಟೀ ತಂದು ಕೊಟ್ರಲ್ಲಾ, ಅವಾಗ್ಲೂ ಅದು ಹಿಂದಕ್ಕೇ ಇತ್ತಾ?"

"ಇತ್ತು."

"ಎದ್ದು ಹೋಗಿ. ಧನಶ್ರೀ ಮೇಡಂಗೆ ಹೇಳಿ. ಆ ಪುಳ್ಳೆ ಪಾವಂ, ಪಾಪದ ಹುಡುಗಿ, ತನ್ನ ತಪ್ಪು ಅಂತ ಅಳ್ತಾ ಇತ್ತು."

ಅವನು ಹೋಗಿ ಹೇಳಿದ. ಧನಶ್ರೀ ಕೂಗಾಡಲಿಲ್ಲ. "ನೀರಿನಲ್ಲಿ ಒಬ್ಬರು ಇನ್ನೊಬ್ಬರ ಮೇಲೆ ಜೀವ ಇಟ್ಟಿರುತ್ತೇವೆ ರಾಮ್‌ಕುಮಾರ್ ಅವರೇ. ಇನ್ನು ಮೇಲೆ ನೀವು ಕೆರೆಗೆ ಬರುವುದು ಬೇಡ" ಎಂದಳು. ಹರಿಹರನ್‌ಗೆ ಅವನೇ ಹೇಳಬೇಕಾಯಿತು. ಮೊದಲಾಳಿ "ನಿನ್ನ ಹೊಲಿಗೆ ಟೇಬಲ್‌ಗೆ ಹೋಗು" ಎಂದಷ್ಟೇ ಅಂದ.

ಹದಿನೆಂಟು ದಿನ ನಿತ್ಯಾ ಅವನೊಡನೆ ಬೇಕಾದಷ್ಟೇ ಮಾತಾಡಿದಳು. ಅವನು ಅವಳ ಕಾಲಿನ ಪಟ್ಟಿ ಬದಲಿಸಿದ, ಬಟ್ಟೆ ಒಗೆದ. ಕೆಲಸಕ್ಕೆ ಮರಳಿದ ದಿನ ಅವಳು ಒಂದು ರೆಕ್ಕೆಯ ಅಂಚು ಮುಗಿಸಿ, ಮಡಚಿ, ಅವನನ್ನು ಕೇಳದೆಯೇ ಮುಂದಕ್ಕೆ ಕಳಿಸಿದಳು. ಅವನು ಆಮೇಲೆ ತೆಗೆದು ನೋಡಿದ. ಹೊಲಿಗೆ ನೆಟ್ಟಗಿತ್ತು.

ಗಿರಾಕಿಗಳು ಬರುವುದು ತಡವಾಗಿ, ಆಡಿ ಕಳೆದು ಆವಣಿ ತಿಂಗಳೂ ನಡುವಿಗೆ ಬಂತು; ಅಷ್ಟರಲ್ಲಿ ನಿತ್ಯಾಳ ಗಾಯ ಮಾಗಿತ್ತು. ಅವರ ಮುಂದೆ ನಿತ್ಯಾ ಕೆರೆಯ ಈ ತುದಿಯಿಂದ ಆ ತುದಿಗೆ ಮೂರು ಸಲ ಹಾರಿದಳು. ಬೋಲ್ಟು ಬಿಗಿದುಕೊಂಡದ್ದು ಅವಳೇ. ರಾಮ್‌ಕುಮಾರ್ ಕಾರ್ಖಾನೆಯ ಜೊತೆಯವರೊಡನೆ ಏರಿಯ ಮೇಲೆ ನಿಂತು ನೋಡಿದ. ಸಂತೋಷವೂ ಆಯಿತು, ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದಂತೆಯೂ ಆಯಿತು. ಒಂದು ಇನ್ನೊಂದನ್ನು ಓಡಿಸಲಿಲ್ಲ.

ಮುಂದಿನ ವಾರ ನಿತ್ಯಾ ಧನಶ್ರೀಯ ಹತ್ತಿರ ಮಾತಾಡಿದಳು. "ಅವರನ್ನ ಬರೋಕೆ ಬಿಡಿ ಮೇಡಂ. ಅವರ ಹಲಗೆ ಬಿಟ್ಟು ಬೇರೆದನ್ನ ಮುಟ್ಟೋದಿಲ್ಲ. ನಾನೇ ಹೇಳ್ಕೊಡ್ತೀನಿ." ಧನಶ್ರೀ ಎರಡು ದಿನ ಯೋಚಿಸಿ ಒಪ್ಪಿದಳು.

ಹೀಗೆ ರಾಮ್‌ಕುಮಾರ್ ಎದೆಮಟ್ಟ ನೀರಿನಲ್ಲಿ ನಿಂತ ಹೆಂಡತಿಯ ಮಾತು ಕೇಳಿ ಕಲಿಯತೊಡಗಿದ. ಅವಳು ಗದರುತ್ತಿದ್ದಳು, ಅವನು "ಸರಿ" ಎನ್ನುತ್ತಿದ್ದ. ಒಂಬತ್ತನೆಯ ದಿನ ಹಲಗೆ ಅವನನ್ನು ಹೊತ್ತು ಎದ್ದಿತು. ನಾಲ್ಕೋ ಐದೋ ಎಣಿಸುವಷ್ಟು ಹೊತ್ತು. ಆಮೇಲೆ ಧಡ್ಡನೆ ಬಿದ್ದ. ನೀರೊರೆಸಿಕೊಂಡು ನೋಡಿದರೆ ನಿತ್ಯಾ ಚಪ್ಪಾಳೆ ತಟ್ಟಿ ಮುಗಿಸಿ, ತನ್ನ ರೆಕ್ಕೆ ಎತ್ತಿಕೊಂಡು, ಅವನ ಪಕ್ಕದಲ್ಲೇ ಸುಯ್ಯೆಂದು ಹಾರಿ ಕೆರೆಯ ನಡುವಿಗೆ ಹೋಗಿದ್ದಳು.

ತಿರುಗಿ ಬಂದು ಅವಳು ಪಕ್ಕದಲ್ಲಿ ನಿಂತಾಗ ಅವನು ತಲೆ ತಗ್ಗಿಸಿಕೊಂಡು, "ನಿತ್ಯಾ, ನಂಗೆ ಇನ್ನೂ ಹೊಟ್ಟೆ ಉರೀತದೆ. ನೀ ಹೋಗೋದ್ ನೋಡಿದ್ರೆ" ಎಂದ.

"ಉರೀಲಿ. ಬಾಯ್ಬಿಟ್ಟು ಹೇಳಿದ್ರಲ್ಲಾ, ಅದು ಪರವಾಗಿಲ್ಲೆ" ಎಂದಳು ನಿತ್ಯಾ. ಕಣ್ಣಿಗೆ ಬಿದ್ದ ಕೂದಲನ್ನು ಮೊಣಕೈಯಿಂದ ಸರಿಸಿಕೊಂಡು ಪಡುವಣಕ್ಕೆ ನೋಡಿದಳು. "ಹಲಗೆ ಹತ್ತಿ, ಹತ್ತಿ. ಗಾಳಿ ಇಳೀತಾ ಅದೆ."