ಏಳನೇ ತಿಂಗಳ ಅಪ್ಪಣೆ

ನನ್ನಪ್ಪ ಹಾಲನ್ ಮಾತಿನಲ್ಲಿ ಗಟ್ಟಿಗರು. ನೀಲಗಿರಿಯ ಮಂಜೂರಿನ ಸುತ್ತಲಿನ ಸಣ್ಣ ಟೀ ಬೆಳೆಗಾರರ ಸಂಘ ಕಟ್ಟಿದವರೇ ಅವರು. ಹಸಿರೆಲೆಗೆ ನ್ಯಾಯದ ಬೆಲೆ ಬೇಕೆಂದು ಹೋರಾಟ ಶುರುವಾದ ಮೇಲೆ ವಾರಕ್ಕೆರಡು ಸಲ ಊಟಿಗೆ ಹೋಗಿ ಅಧಿಕಾರಿಗಳ ಎದುರು ಕೂರುತ್ತಾರೆ. ಮುಖ ಗಂಟಿಕ್ಕಿದವರನ್ನೂ ನಗಿಸಿ, ಬೆಣ್ಣೆಯಿಂದ ಕೂದಲು ತೆಗೆದಂತೆ ಕೆಲಸ ಸಾಧಿಸಿಕೊಂಡು ಬರುತ್ತಾರೆ.

ಫ್ಯಾಕ್ಟರಿಗೆ ಎಲೆ ಸಾಗಿಸುವವನ ಜೊತೆ ಹೋರಾಟ ಮುಗಿಯುವ ತನಕ ಯಾರೂ ಮಾತಾಡಬಾರದೆಂದು ಹಟ್ಟಿಯ ಕೂಟದಲ್ಲಿ ಕಟ್ಟು ಮಾಡಿದ್ದೂ ಅಪ್ಪನೇ. ಮರುದಿನವೇ ಎಲೆ ಲಾರಿ ಓಡಿಸಿ ಎಲ್ಲರ ಕಣ್ಣಿಗೆ ಬಿದ್ದವನು ನನ್ನ ಗಂಡ ಸಂತೋಷ್‌ಕುಮಾರ್. ಲಾರಿ ನಿಲ್ಲಿಸಿದರೆ ಕೆಲಸ ಹೋಗುತ್ತದೆ ಎನ್ನುತ್ತಾನೆ. ಇಬ್ಬರೂ ಒಂದೇ ಜಾತಿಯ ಹಟಮಾರಿಗಳು. ನಡುವೆ ಹೊಟ್ಟೆ ಹೊತ್ತುಕೊಂಡವಳು ನಾನು.

ನನಗೆ ಏಳು ತಿಂಗಳು. ನಮ್ಮಲ್ಲಿ ಆಗ ಗಂಡ ಹೆಂಡತಿಯ ಕೊರಳಿಗೆ ಕಣ್ಣಿ, ಅಂದರೆ ನೂಲಿನ ದಾರ, ಹಾಕಬೇಕು. ಅದಕ್ಕೆ ಮೊದಲು ಅವನು ಮಾವನನ್ನು, ಅಂದರೆ ಹೆಂಡತಿಯ ಅಪ್ಪನನ್ನು, ಕೇಳಬೇಕು. ಮಾವ ಬಾಯಿಬಿಟ್ಟು 'ಹಾಕು' ಅನ್ನಬೇಕು. ಅಲ್ಲಿಗೇ ಮದುವೆ ಪೂರ್ತಿ. ಹುಟ್ಟುವ ಮಗು ಅವನದೆಂದು ಹಟ್ಟಿ ಒಪ್ಪುವುದು.

ಆ ಸೋಮವಾರ ಬೆಳಿಗ್ಗೆ ಮನೆ ತುಂಬ ಜನ. ಜಗಲಿಯಲ್ಲಿ ಸಂಘದವರು ಕಿವಿ ನೆಟ್ಟಗೆ ಮಾಡಿಕೊಂಡು ಕೂತಿದ್ದರು. ನಾನು ಕೊರಳು ಬಾಗಿಸಿದೆ.

"ಕಣ್ಣಿ ಹಾಕಲೆ, ಮಾಮಾ?" ಎಂದ ಸಂತೋಷ್.

ಅಪ್ಪ ಸುಮ್ಮನಿದ್ದರು. ಊಟಿಯಲ್ಲಿ ಎಷ್ಟೆಲ್ಲ ದಾರಿ ಹುಡುಕಿದವರಿಗೆ ಮಗಳಿಗಾಗಿ ಒಂದು ಸಿಗಲಿಕ್ಕಿಲ್ಲವೇ ಎಂದು ನಾನು ಧೈರ್ಯವಾಗಿಯೇ ಇದ್ದೆ.

"ಹಾಕಲೆ, ಮಾಮಾ?" ಎಂದು ಮತ್ತೆ ಕೇಳಿದ.

ಅಪ್ಪ ತಲೆಯಾಡಿಸಿದರು. ನನ್ನ ಹೆತ್ತೆ, ಅಪ್ಪನ ತಾಯಿ, ಬಿಡಲಿಲ್ಲ. "ತಲೆ ಆಡಿಸಿದರೆ ಆಗದು, ಮಗನೇ. ಬಾಯಿಬಿಟ್ಟು ಹೇಳು."

ಅಪ್ಪ ಜಗಲಿಯ ಕಡೆ ನೋಡಿದರು. ಅಲ್ಲಿ ಯಾರೂ ಮಿಸುಕಲಿಲ್ಲ. ಸಂತೋಷ್ ಮೂರನೆಯ ಸಲ ಕೇಳಿದ. ಅಪ್ಪ ಎದ್ದು ನಿಂತು, ಅವನನ್ನು ಬಿಟ್ಟು ಉಳಿದವರಿಗೆಲ್ಲ ಕೈಮುಗಿದರು. ಊಟಿಯಲ್ಲಿ ಮಾತಾಡುವ ಅದೇ ಮೆತ್ತನೆ ದನಿ.

"ದೊಡ್ಡವರೆಲ್ಲ ಮನ್ನಿಸಬೇಕು. ಹೋರಾಟ ಮುಗಿಯಲಿ. ಇದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳೋಣ."

ಜಗಲಿಯಲ್ಲಿ ಯಾರೋ "ತಲೈವರ್, ನಾಯಕರು ಅಂದರೆ ಹೀಗಿರಬೇಕು" ಎಂದರು. ನನಗೆ ಮೈಯೆಲ್ಲ ಉರಿಯಿತು.

"ಅಪ್ಪಾ, ನನ್ನ ಜೊತೆ ಮಾತಾಡಬಾರದೆಂದು ಕಟ್ಟಿಲ್ಲವಲ್ಲ," ಎಂದೆ. "ಹೇಳಿ. ಹೊಟ್ಟೆಯೊಳಗಿನದು ಇನ್ನೊಂದು ದಿನದವರೆಗೆ ಕಾಯುತ್ತದೆಯೇ?"

ಅಪ್ಪ ಬಾಯಿ ತೆರೆದರು. ಮಾತು ಹೊರಡಲಿಲ್ಲ. ಕಣ್ಣು ತುಂಬಿ ಬಂತು. ಅಪ್ಪ ಕಲ್ಲಾಗಿದ್ದರೆ ಬೈದುಕೊಂಡಾದರೂ ಇರುತ್ತಿದ್ದೆ. ತಾವೇ ಮಾಡಿದ ಕಟ್ಟನ್ನು ಬಿಡಿಸುವುದೂ ಇನ್ನು ಅವರ ಕೈಯಲ್ಲಿಲ್ಲವೆಂದು ಆಗ ಗೊತ್ತಾಗಿ, ನನಗೆ ಭಯವಾಯಿತು.