ನಾಲ್ಕು ಗಂಟೆಗೆ ಬನ್ನಿ

ಸತ್ತವರಿಗೆ ಹೊತ್ತುಗೊತ್ತು ಕಲಿಸುವಷ್ಟರಲ್ಲಿ ಪುಟ್ಟಿ ಹಣ್ಣುಗಾಯಿ ನೀರುಗಾಯಿಯಾಗಿದ್ದಳು. ಬದುಕಿದ್ದಾಗ ಕ್ಯೂನಲ್ಲಿ ತೆಪ್ಪಗೆ ನಿಲ್ಲುತ್ತಿದ್ದ ಜನ ಸತ್ತ ಮೇಲೆ ಯಾಕಿಷ್ಟು ಆತುರಪಡುತ್ತಾರೋ ದೇವರಿಗೇ ಗೊತ್ತು. ಅವಳು ಗಿರಾಕಿಯ ಪ್ಯಾಂಟಿಗೆ ಜಿಪ್ಪು ಹೊಲಿಯುತ್ತಿರಲಿ, ಹಲ್ಲುಜ್ಜುತ್ತಿರಲಿ, ಕಿವಿಯ ಹತ್ತಿರ ಬಂದು ಶುರು ಹಚ್ಚಿಕೊಳ್ಳುತ್ತಿದ್ದರು. ನನ್ನ ಹೆಂಡತಿಗೆ ಹೀಗೆ ಹೇಳು, ನನ್ನ ಮಗಳಿಗೆ ಹಾಗೆ ಹೇಳು. ಒಬ್ಬ ಮೇಷ್ಟರಂತೂ ಸತ್ತು ಆರು ವರ್ಷವಾದರೂ ತಮ್ಮ ಕನ್ನಡಕ ಎಲ್ಲಿದೆಯೆಂದು ಇವಳನ್ನೇ ಪೀಡಿಸುತ್ತಿದ್ದರು.

ಹಿಂದೆ ಅವಳು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿದ್ದಳು. ಮಷಿನ್ ಮುಂದೆ ಕೂತು ಯಾರಿಗೋ ಉತ್ತರ ಕೊಡುತ್ತಾಳೆಂದು ಸೂಪರ್‌ವೈಸರ್ ಮನೆಗೆ ಕಳಿಸಿದ. ಆಗ ಗಂಟುಮೂಟೆ ಸಮೇತ ಬಂದು ಜೊತೆಗೆ ನಿಂತವಳು ಅಕ್ಕ. ಐವತ್ತು ದಾಟಿದ ತಂಗಿಯನ್ನು ಇನ್ನೂ ಪುಟ್ಟಿ ಎಂದು ಕರೆಯುತ್ತಿದ್ದವಳೂ ಅವಳೊಬ್ಬಳೇ. ಅಕ್ಕನಿಗೆ ಯಾವ ದನಿಯೂ ಕೇಳಿಸುವುದಿಲ್ಲ. ಆದರೆ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ರೋಗಿಗಳಿಗೆ ಚೀಟಿ ಹರಿದುಕೊಟ್ಟ ಹೆಂಗಸು ಅವಳು, ಮೈಮೇಲೆ ಬೀಳುವವರನ್ನು ಸಾಲಾಗಿ ನಿಲ್ಲಿಸುವುದು ಚೆನ್ನಾಗಿ ಗೊತ್ತಿತ್ತು. ನಿಯಮ ಮಾಡಿದ್ದು ಅವಳೇ. ಸಂಜೆ ನಾಲ್ಕರಿಂದ ಐದೂವರೆ, ಹಿಂದಿನ ಕೋಣೆಯ ಬೆತ್ತದ ಕುರ್ಚಿ. ಸತ್ತವರ ಕಡೆಯವರೂ ಆಗಲೇ ಬಂದು ಕೂರಬೇಕು. ಉಳಿದ ಹೊತ್ತಿನಲ್ಲಿ ಯಾರು ಕರೆದರೂ "ನಾಲ್ಕು ಗಂಟೆಗೆ ಬನ್ನಿ" ಎನ್ನಬೇಕು. ಅದರ ಮೇಲೆ ಒಂದು ಹೂಂ ಕೂಡ ಇಲ್ಲ.

ದನಿಗಳು ಅಷ್ಟಕ್ಕೆಲ್ಲ ಬಗ್ಗುತ್ತವೆಯೇ? ಅಕ್ಕನ ಕಂಠವನ್ನೇ ಕಲಿತು "ಪುಟ್ಟೀ" ಎನ್ನತೊಡಗಿದವು. ಅಕ್ಕ ಅದಕ್ಕೂ ಮದ್ದು ಅರೆದಳು.

"ನಿನ್ನ ಕಣ್ಣೆದುರಿಗೆ ಬಂದು ಕರೆದ್ರೆ ಮಾತ್ರ ಅದು ನಾನು. ಗೋಡೆ ಆಚೆಯಿಂದ ಕರೆದ್ರೆ ನಾನಲ್ಲ. ತಿಳೀತಾ?"

ತಿಳಿಯಿತು. ಅಂದಿನಿಂದ ಪುಟ್ಟಿಗೆ ನಿದ್ದೆ ಬಂತು, ಉಂಡದ್ದು ಮೈಗೆ ಹತ್ತಿತು.

ಎರಡು ವರ್ಷ ಹೀಗೇ ಕಳೆಯಿತು. ಒಂದು ದಿನ ಬೆಳಗ್ಗೆ ಹನ್ನೊಂದಕ್ಕೆ ಅವಳು ಒಂದು ಕೋಟಿನ ಒಳಗಿನ ಲೈನಿಂಗ್ ಹೊಲಿಯುತ್ತಿದ್ದಳು. ಒಂದು ಗಂಟೆಗೆ ಕೊಡಬೇಕಿತ್ತು. ದಾರ ಮೂರನೇ ಸಲ ಕಿತ್ತುಹೋಗಿ ತಲೆ ಕೆಟ್ಟಿತ್ತು. ಆಗಲೇ ಬಚ್ಚಲಿನ ಕಡೆಯಿಂದ ಬಂತು: "ಪುಟ್ಟೀ!"

"ನಾಲ್ಕು ಗಂಟೆಗೆ ಬಾ!"

"ಬಿದ್ದಿದ್ದೀನಿ ಕಣೇ."

"ಬಿದ್ದೇ ಸತ್ತಿರ್ತೀಯ! ನಾಲ್ಕಕ್ಕೆ ಬಂದು ಹೇಳು."

ಅಕ್ಕ ಮಾರ್ಕೆಟ್ಟಿಗೆ ಹೋಗುತ್ತೇನೆಂದು ಹೇಳಿದ್ದಳು, ಹೋಗಿದ್ದಾಳೆಂದೇ ಇವಳ ಲೆಕ್ಕ. ದನಿ ಬಿಡಲಿಲ್ಲ. ಎಂಥ ಹಟ ಇವುಗಳದ್ದು ಎಂದು ಹಲ್ಲು ಕಚ್ಚಿ ಪುಟ್ಟಿ ಜೋರಾಗಿ ಪೆಡಲ್ ತುಳಿದಳು.

ಒಂದು ಗಂಟೆಗೆ ಕೋಟಿನವನು ಬಂದ. ಬಾಗಿಲಲ್ಲೇ ನಿಂತು ಒಳಗೆ ಇಣುಕಿದ.

"ಒಳಗೆ ಯಾರೋ ಅಳ್ತಾ ಇದಾರಲ್ಲ. ಕೇಳಿಸ್ತಿಲ್ವಾ ನಿಮಗೆ?"

ಪುಟ್ಟಿ ಕೋಟು ಬಿಸುಟು ಬಚ್ಚಲಿಗೆ ಓಡಿದಳು. ಅವನಿಗೂ ಕೇಳಿಸುತ್ತಿದೆ!

ಅಕ್ಕ ಒದ್ದೆ ನೆಲದ ಮೇಲೆ ಎರಡು ಗಂಟೆ ಬಿದ್ದಿದ್ದಳು. ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ನಾಗಿ ಮನೆಗೆ ಬಂದ ಮೇಲೂ ಒಂದು ಮಾತು ಬೈಯಲಿಲ್ಲ.

"ನೀನು ಮಾಡಿದ್ದೇ ಸರಿ. ನಿಯಮ ಮಾಡಿದೋಳು ನಾನಲ್ವಾ?"

ಪುಟ್ಟಿಗೆ ಸಹಿಸಲಾಗದ್ದು ಅದೇ. ಬೈಯಬಾರದಿತ್ತೇ? ಎರಡು ಏಟು ಹಾಕಿದ್ದರೂ ಹಾಯೆನಿಸುತ್ತಿತ್ತು.

ಹಾಸಿಗೆ ಹಿಡಿದವಳು ಕಣ್ಣೆದುರಿಗೆ ಬಂದು ಕರೆಯುವುದು ಹೇಗೆ? ಪುಟ್ಟಿ ದೇವರ ಪೂಜೆಯ ಗಂಟೆ ತಂದು ಅಕ್ಕನ ದಿಂಬಿನ ಪಕ್ಕ ಇಟ್ಟಳು. ಮೂರೇ ದಿನಕ್ಕೆ ದನಿಗಳು ಗಂಟೆಯ ಸದ್ದನ್ನೂ ಕಲಿತವು. ಈಗ ಅವಳು ಯಾರು ಕರೆದರೂ "ಓ, ಬಂದೆ" ಎಂದು ಎದ್ದು ಓಡುತ್ತಾಳೆ. ಓಗೊಡುತ್ತಾಳೆಂಬ ಸುದ್ದಿ ಸತ್ತವರಲ್ಲೆಲ್ಲ ಹಬ್ಬಿರಬೇಕು, ದಿನವಿಡೀ ಸಂತೆ. ಹೊಲಿಗೆ ಅರ್ಧಕ್ಕೇ ನಿಂತಿದೆ. ಎರಡು ವರ್ಷದ ಶ್ರಮ ನೀರಲ್ಲಿ ಹೋಮ ಮಾಡಿದ ಹಾಗಾಯಿತು.

ನಿನ್ನೆ ಮಧ್ಯಾಹ್ನದೊಳಗೆ ಒಂಬತ್ತು ಸಲ ಅಕ್ಕನ ಕೋಣೆಗೆ ಓಡಿದಳು. "ಕರೆದ್ಯಾ?" ಎಂದರೆ ಒಂಬತ್ತು ಸಲವೂ "ಇಲ್ವಲ್ಲೇ" ಎಂದಳು ಅಕ್ಕ. ಹತ್ತನೇ ಸಲ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತ ತಂಗಿಯ ಮುಖವನ್ನು ಅವಳು ಸ್ವಲ್ಪ ಹೊತ್ತು ನೋಡಿದಳು.

"ಹೂಂ ಕಣೇ, ಈ ಸಲ ನಾನೇ ಕರೆದೆ. ಒಂದು ಲೋಟ ನೀರು ಕೊಡು."

ಪುಟ್ಟಿಗೆ ಎಲ್ಲಿಲ್ಲದ ಸಿಟ್ಟು ಬಂತು, ಅದರ ಹಿಂದೆಯೇ ಅಳುವೂ ಬಂತು. ಅವಳಿಗೆ ಕೇಳಿಸಿದ್ದು ಗಂಡಸಿನ ದನಿ. ಆದರೂ ಲೋಟ ತುಂಬ ನೀರು ತಂದುಕೊಟ್ಟಳು. ಬಾಯಾರಿಕೆಯಿಲ್ಲದ ಅಕ್ಕ ಅದನ್ನು ಪೂರ್ತಿ ಕುಡಿದಳು.