ಬಾಗುವ ಸದ್ದು

ನಮ್ಮ ಮನೆಯವರು, ಅರ್ಜುನಪ್ಪ, ಧಾರವಾಡದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ಮಿಕ್ಕ ವೇಳೆಯೆಲ್ಲ ಬಾವಲಿಗಳ ಪಾಲು. ಬಾವಲಿಯ ಮಿದುಳು ಸದ್ದನ್ನು ಹೇಗೆ ಬಿಡಿಸಿಕೊಳ್ಳುತ್ತದೆ ಎಂಬುದು ಅವರ ಹುಚ್ಚು. ಹುಚ್ಚಿಗೆ ನನ್ನ ತಕರಾರಿರಲಿಲ್ಲ. ನಾನೂ ಕಲಿಸುವವಳೇ, ಕನ್ನಡ ಶಾಲೆಯ ಶಿಕ್ಷಕಿ. ಆದರೆ ಮನೆಯಲ್ಲಿ ನಾಲ್ಕು ವರ್ಷದ ಮಗಳು ಶೇವಂತಿ ಮಾತು ಬಿಟ್ಟು ಕೂತಿರುವಾಗ ಬಾವಲಿಯ ಸುದ್ದಿ ಕೇಳಿದರೆ ಮೈ ಉರಿಯುತ್ತಿತ್ತು.

೧೯೬೬ರ ಬೇಸಿಗೆಯಲ್ಲಿ ಅವಳಿಗೆ ಜ್ವರ ತಲೆಗೇರಿತ್ತು. ಹೇಗೋ ಬದುಕಿಕೊಂಡಳು. ಆಮೇಲೆ ಹೆಸರು ಹಿಡಿದು ಕರೆದರೆ ತಿರುಗುವುದು ನಿಂತಿತು. ಮಳೆಗಾಲ ಮುಗಿಯುವಷ್ಟರಲ್ಲಿ ಕಲಿತಿದ್ದ ಮಾತುಗಳೂ ಒಂದೊಂದಾಗಿ ಹೋದವು.

ಅತ್ತೆ ಗುಡ್ಡವ್ವ ಅವಳ ಬೆನ್ನ ಹಿಂದೆ ನಿಂತು ತಾಟು ಬಡಿದರು. ನಮ್ಮ ಕಡೆ ಕೂಸಿನ ಕಿವಿ ನೋಡುವುದು ಹೀಗೆಯೇ. ಶೇವಂತಿ ಬೆಚ್ಚಿ ತಿರುಗಿದಳು.

"ಕಿವಿ ಛಲೋ ಅದಾವ. ಇದು ಬರೇ ಹಟ," ಎಂದರು ಅತ್ತೆ. "ಅವ್ವಾ ಅನ್ನೂತನಕ ರೊಟ್ಟಿ ಕೊಡಬ್ಯಾಡ. ಹೊಟ್ಟಿ ಚುರ್ ಅಂದ್ರ ತಾನ ಬಾಯಿ ಬಿಡತಾಳ."

ಮಿದುಳು ಓದಿದ ಮಗ ತಾಯಿಗೆ ಹೂಂಗುಟ್ಟಿದರು. "ಸದ್ದಿಗೆ ತಿರಗತಾಳ ಅಂದಮ್ಯಾಲೆ ದೋಷ ಎಲ್ಲಿ ಬಂತು, ಸತ್ಯಾ?"

ನಾನು ಜಗಳಾಡಿದೆ. ಇಬ್ಬರ ಮುಂದೆ ನನ್ನೊಬ್ಬಳ ಮಾತು ನಡೆಯಲಿಲ್ಲ. ಅಂದಿನಿಂದ ಅತ್ತೆ ರೊಟ್ಟಿ ಮುರಿದು ಎತ್ತಿ ಹಿಡಿದು "ಅವ್ವಾ ಅನ್ನು" ಎನ್ನುವುದು, ಮಗು ಅತ್ತು ಸುಸ್ತಾದ ಮೇಲೆ ತುತ್ತು ಕೊಡುವುದು ನಡೆಯಿತು.

ಒಂದು ರವಿವಾರ ಮಧ್ಯಾಹ್ನ ಬುತ್ತಿ ಕೊಡಲು ಕಾಲೇಜಿಗೆ ಹೋದೆ. ಜಗಳ ಮುಂದುವರಿಸುವ ಉದ್ದೇಶವೂ ಇತ್ತೆನ್ನಿ. ಅವರು ಖುಷಿಯಲ್ಲಿದ್ದರು. ಮದ್ದು ಕೊಟ್ಟು ಮಲಗಿಸಿದ ಬಾವಲಿ, ಅದರ ನಡುಮಿದುಳಿನಲ್ಲಿ ಕೂದಲಿಗಿಂತ ತೆಳುವಾದ ಸೂಜಿ. ಸೂಜಿ ತಾಗಿದ ಒಂದೇ ಒಂದು ನರಕೋಶ ಮಿಡಿದರೆ ಸ್ಪೀಕರಿನಲ್ಲಿ ಟಪ್ ಎನ್ನುತ್ತದಂತೆ. ಬಾವಲಿಗೆ ಕೇಳಿಸುವ ಸೀಟಿ ಮಾತ್ರ ಮನುಷ್ಯರ ಕಿವಿಗೆ ನಿಲುಕುವಂಥದಲ್ಲ.

"ಈಗ ಒಂದ ಸಮನ ಸೀಟಿ ಹಾಕಾಕತ್ತೇನಿ," ಎಂದರು. ಸ್ಪೀಕರು ಸುಮ್ಮನಿತ್ತು. "ಈಗ ಮ್ಯಾಲಿಂದ ಕೆಳಗ ಇಳಿಯೂ ಸೀಟಿ." ಹಂಚಿನ ಮೇಲೆ ಜೋಳದ ಅಳ್ಳು ಸಿಡಿದಂತೆ ಟಪಟಪ ಎಂದಿತು.

"ಕಿವಿಗೆ ಎರಡೂ ಮುಟ್ಟತಾವ. ಆದ್ರ ಈ ಕೋಶಕ್ಕ ಬಾಗೂ ಸದ್ದ ಬೇಕು. ಬಾವಲಿ ಕೂಗೂದು ಹಂಗ. ನಮ್ಮ ಮಾತೂ ಹಂಗ ನೋಡು, ಕ್ಷಣಕ್ಕೊಮ್ಮೆ ಬಾಗತಿರತೈತಿ."

"ಜ್ವರದಾಗ ಇಂಥ ಕೋಶ ಸುಟ್ಟು ಹೋದ್ರ?" ಸಿಟ್ಟಿನಲ್ಲೇ ಕೇಳಿದೆ.

"ಆಗ ಸದ್ದಿಗೆ ಬೆಚ್ಚತೈತಿ. ಆದ್ರ ಅದು ಏನ ಸದ್ದು, ಏನ ಮಾತು ಅಂತ..."

ಮಾತು ಅಲ್ಲಿಗೇ ನಿಂತಿತು. ಬಾವಲಿಯ ತಲೆಯಲ್ಲಿ ವರ್ಷಗಟ್ಟಲೆ ಹುಡುಕಿದ್ದು ಒಂದು ತಾಟಿನೆದುರು ಅವರಿಗೆ ಹೊಳೆದಿರಲಿಲ್ಲ. ಅವರನ್ನು ಕಂಡು ಕನಿಕರವೂ ಬಂತು, ಕೊರಳಪಟ್ಟಿ ಹಿಡಿದು ಅಲುಗಾಡಿಸುವಷ್ಟು ಸಿಟ್ಟೂ ಬಂತು.

"ಔಷಧ ಐತೇನ್ರಿ ಇದಕ್ಕ?"

"ಶೇವಂತಿಗೆ ಹಿಂಗ ಆಗೈತಿ ಅಂತ ಖಾತ್ರಿ ಹೇಳಾಕ ಬರೂದಿಲ್ಲ. ಆಗಿದ್ರ, ನನಗ ಗೊತ್ತಿರೂ ಮಟ್ಟಿಗೆ ಔಷಧ ಇಲ್ಲ, ಸತ್ಯಾ."

ಯಂತ್ರ ಆರಿಸಿ ನನ್ನೊಡನೆಯೇ ಹೊರಟರು.

ಮನೆಯಲ್ಲಿ ಅತ್ತೆ ಆಗಷ್ಟೇ ರೊಟ್ಟಿ ಮುರಿದು ಎತ್ತಿ ಹಿಡಿದಿದ್ದರು. ಇವರು ಚಪ್ಪಲಿ ಬಿಡದೆ ಒಳಗೆ ಬಂದು, ತಾಯಿಯ ಕೈಯಿಂದ ರೊಟ್ಟಿ ಕಸಿದು ಮಗಳ ಮುಂದೆ ಕುಕ್ಕರಿಸಿ ಕೂತರು.

"ತಿನ್ನವ್ವಾ. ಏನೂ ಅನಬ್ಯಾಡ. ತಿನ್ನು," ಎಂದು ಅಳುತ್ತಲೇ ಅದನ್ನು ಅವಳ ಕೈಯಲ್ಲಿಟ್ಟರು.

ಶೇವಂತಿ ತಿನ್ನಲಿಲ್ಲ. ಅಪ್ಪನ ಮುಖ ನೋಡಿದಳು, ಅಜ್ಜಿಯ ಮುಖ ನೋಡಿದಳು. ಆಮೇಲೆ ಅಜ್ಜಿ "ಅವ್ವಾ" ಎನ್ನುವಾಗ ಮಾಡುತ್ತಿದ್ದ ಹಾಗೆಯೇ ತುಟಿ ತೆರೆದು, ಮುಚ್ಚಿ, ಮತ್ತೆ ಅಗಲಿಸಿದಳು. ಸದ್ದೇನೂ ಹೊರಡಲಿಲ್ಲ. ಸರಿಯಾಯಿತೇ ಎನ್ನುವಂತೆ ನಮ್ಮ ಮೂವರನ್ನೂ ನೋಡಿ, ಹೆದರುತ್ತ ಒಂದು ಚೂರು ಮುರಿದುಕೊಂಡಳು.